ಭೋಗಿಯ ಸಜ್ಜಿ ರೊಟ್ಟಿ, ಲೋಹ್ರಿಯ ಸಾಗ್

ಭೋಗಿಯ ದಿನ ರೊಟ್ಟಿ ಬಡಿಯುವ ಸಪ್ಪಳ ಕೇಳದ ಮನೆ ನಮ್ಮ ಹುನಗುಂದದ ಕಡೆ ಸಿಗುವುದಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಮೈಗೆ ಎಳ್ಳು ಹಚ್ಚಿಕೊಂಡು ಎರಕೊಳ್ಳಬೇಕು, ಎಳ್ಳು ಒತ್ತಿದ ಸಜ್ಜಿ ರೊಟ್ಟಿ ಉಣ್ಣಬೇಕು. ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಹಸಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮರುದಿನ ಬುತ್ತಿ ಕಟ್ಟಿಕೊಂಡು ಕೂಡಲಸಂಗಮಕ್ಕೆ ಹೋಗಿ, ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಮುಳುಗು ಹಾಕಿ, ದಂಡೆಯ ಮೇಲೆ ಎಲ್ಲರೂ ಸುತ್ತ ಕೂತು ಊಟ. ಮದುವೆಯಾಗಿ ಪುಣೆಗೆ ಬಂದ ಮೇಲೆ ಸಂಗಮದ ಸ್ನಾನ ತಪ್ಪಿತು. ರೊಟ್ಟಿಯನ್ನು ಮಾತ್ರ ತಪ್ಪಿಸಿಲ್ಲ.

ಪುಣೆಯಲ್ಲಿ ಈ ಹಬ್ಬಕ್ಕೆ ಪರಊರು ಅನ್ನಿಸುವುದೇ ಇಲ್ಲ. ಇಲ್ಲಿನ ಮರಾಠಿ ಮನೆಗಳಲ್ಲೂ ಅಂದು ಎಳ್ಳು ಹಚ್ಚಿದ ಬಾಜರಿ ಭಾಕರಿಯೇ. ನಾವಿರುವ ನಿಗಡಿಯಲ್ಲಿ ಜನವರಿ ಎರಡನೇ ವಾರ ಕಾಯಿಪಲ್ಯೆಯ ಗಾಡಿಗಳ ಮೇಲೆ ಪಾವಟಾ, ಹಸಿ ಕಡಲೆ, ಗಜ್ಜರಿ, ಎಳೆ ಬದನೆ, ಬಾರಿಹಣ್ಣು ಎಲ್ಲ ಕೂಡಿಸಿ ‘ಭೋಗಿ ಭಾಜಿ’ ಅಂತ ಒಂದೇ ರಾಶಿ ಹಾಕಿ ಮಾರುತ್ತಾರೆ. ‘ನ ಖಾಯಿ ಭೋಗಿ ತೋ ಸದಾ ರೋಗಿ’ ಅನ್ನುವ ಗಾದೆಯನ್ನು ನನಗೆ ಮೊದಲು ಹೇಳಿದ್ದು ಮೇಲಿನ ಮನೆಯ ಕಾಕು. ಭೋಗಿ ಉಣ್ಣದವನಿಗೆ ವರ್ಷವಿಡೀ ರೋಗ. ಚಳಿಯಲ್ಲಿ ಮೈ ಬಿಸಿ ಇಡುವ ಸಜ್ಜಿ, ಎಳ್ಳು, ಶೇಂಗಾ ಒಂದೇ ತಾಟಿನಲ್ಲಿ ಬರುವ ಊಟವದು. ಗಾದೆಯಲ್ಲಿ ಅರ್ಥ ಇದೆ.

ಇದೇ ದಿನ ಪಂಜಾಬಿಗಳಿಗೆ ಲೋಹ್ರಿ. ನಮ್ಮ ಎದುರು ಮನೆಯವರು ಬಠಿಂಡಾ ಕಡೆಯವರು. ಮನೆಯ ಹಿರಿಯಮ್ಮನನ್ನು ಇಡೀ ಸೊಸೈಟಿಯೇ ಬೀಜಿ ಎಂದು ಕರೆಯುತ್ತದೆ. ಲೋಹ್ರಿ ಅಂದರೆ ಸಾಸಿವೆ ಸೊಪ್ಪಿನ ಸಾಗ್, ಮಕ್ಕಿಯ (ಮೆಕ್ಕೆಜೋಳದ) ರೊಟ್ಟಿ, ರಾತ್ರಿ ಬೆಂಕಿ. ಈ ವರ್ಷ ಅವರ ಮನೆಯಲ್ಲೊಂದು ತೊಡಕು. ಹೊಸದಾಗಿ ಬಂದ ಮೊಮ್ಮಗನ ಹೆಂಡತಿಗೆ ಮೆಕ್ಕೆಜೋಳ ಒಗ್ಗುವುದಿಲ್ಲ, ತಿಂದರೆ ಮೈ ತುಂಬ ದದ್ದು ಏಳುತ್ತವೆ. ಮದುವೆಯಾದ ಮೊದಲ ಲೋಹ್ರಿ ಅವರಲ್ಲಿ ದೊಡ್ಡದು, ಅದು ಸೊಸೆಯದೇ ಹಬ್ಬ. ಅವಳೇ ಉಣ್ಣಲಾಗದ ಅಡುಗೆ ಮಾಡಿ ಏನು ಪ್ರಯೋಜನ? ಬೀಜಿ ಬಂದು ಕೇಳಿದರು: ‘ಬೇಟಾ, ನಿಮ್ಮ ಬಾಜ್ರಾ ಮಕ್ಕಿ ಕೆಲಸ ಮಾಡೀತೇ?’

ಮಾಡುತ್ತದೆ ಎಂದೆ. ಎರಡಕ್ಕೂ ಗೋಧಿಯ ಜಿಗುಟಿಲ್ಲ. ತಣ್ಣೀರಲ್ಲಿ ಕಲೆಸಿದರೆ ಎರಡೂ ಬಿರಿಯುತ್ತವೆ, ಎಸರು ಹಾಕಿ ನಾದಿದರೆ ಎರಡೂ ಮಾತು ಕೇಳುತ್ತವೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬಿಡುತ್ತದೆ, ರೊಟ್ಟಿಯನ್ನು ಹಿಡಿದಿಡುವುದು ಆ ಅಂಟೇ. ಆದರೆ ಸಜ್ಜಿಗೆ ಒಂದು ಷರತ್ತಿದೆ, ಹಿಟ್ಟು ಹೊಸದಿರಬೇಕು. ಸಜ್ಜಿಯಲ್ಲಿ ನೂರಕ್ಕೆ ಸುಮಾರು ಐದು ಪಾಲು ಎಣ್ಣೆಯಂಶ. ಕಾಳಾಗಿದ್ದಾಗ ಅದು ಒಳಗೆ ಭದ್ರ, ಬೀಸಿದ ಕೂಡಲೇ ಗಾಳಿಗೆ ಬಿದ್ದು ಕೆಡಲು ಶುರು. ವಾರ ದಾಟಿದರೆ ಕಹಿ, ಕಮಟು ವಾಸನೆ. ‘ಸಜ್ಜಿ ರೊಟ್ಟಿ ಕಹಿ, ಯಾರು ತಿಂತಾರೆ’ ಅನ್ನುವವರನ್ನು ಪುಣೆಯಲ್ಲಿ ಬಹಳ ಕಂಡಿದ್ದೇನೆ. ಅವರು ತಿಂದದ್ದು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಪಾಕೀಟಿನ ಹಿಟ್ಟು. ಹಾಗಾಗಿ ಅಣ್ಣ ಊರಿಂದ ಬಸ್ಸಿಗೆ ಹಾಕಿ ಕಳಿಸಿದ ಕಾಳನ್ನೇ ಹಸನು ಮಾಡಿ, ಹಬ್ಬದ ಹಿಂದಿನ ದಿನ ಗಿರಣಿಗೆ ಒಯ್ದೆ. ಮುಕ್ಕಾಲು ಪಾಲು ನುಣ್ಣಗೆ, ಕಾಲು ಪಾಲು ನುಚ್ಚು.

ನುಚ್ಚು ಬೇಕಾದದ್ದು ಸಾಗ್‌ಗೆ. ಸಾಸಿವೆ ಸೊಪ್ಪು, ಪಾಲಕ, ಪುಣೆಯಲ್ಲಿ ಚಾಕವತ ಎಂದು ಸಿಗುವ ಬಥುವಾ, ಶುಂಠಿ, ಹಸಿಮೆಣಸು ಎಲ್ಲ ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಬೇಯುತ್ತವೆ. ಕೊನೆಗೆ ಒಂದಿಷ್ಟು ಮಕ್ಕಿ ಹಿಟ್ಟು ಉದುರಿಸಿ ಕಡಗೋಲಿನಿಂದ ಕಡೆಯುತ್ತಾರೆ, ಅದಕ್ಕೆ ಆಲಣ ಎಂದು ಹೆಸರು. ಸೊಪ್ಪು ಒಂದು ಕಡೆ ನೀರು ಒಂದು ಕಡೆ ಆಗದಂತೆ ಹಿಡಿಯುವುದು ಇದರ ಕೆಲಸ. ಬೀಜಿ ಹೇಳುತ್ತಿದ್ದಂತೆ ನನಗೆ ಪುಂಡಿಪಲ್ಯೆ ಕಣ್ಣಮುಂದೆ ಬಂತು. ಪುಂಡಿಯ ಹುಳಿ ಮುರಿದು ಪಲ್ಯೆಯನ್ನು ಮುದ್ದೆಯಾಗಿಸಲು ಅವ್ವ ಜೋಳದ ನುಚ್ಚು ಹಾಕುವುದು ಥೇಟ್ ಇದೇ ಲೆಕ್ಕಕ್ಕೆ. ಸಜ್ಜಿಯ ನುಣ್ಣನೆ ಹಿಟ್ಟು ಹಾಕಿದರೆ ಸಾಗ್ ಬೇಗ ಬಿಗಿಯುತ್ತದೆ, ಅಂಬಲಿಯ ಹಾಗೆ ಲೋಳೆ ಬರುತ್ತದೆ. ಮಕ್ಕಿ ಹಿಟ್ಟು ತರಿತರಿ ಇರುತ್ತದಲ್ಲ, ಆ ತರಿ ನಾಲಿಗೆಗೆ ಸಿಗಬೇಕಾದರೆ ನುಚ್ಚೇ ಬೇಕು. ನುಚ್ಚು ಬೇಯಲು ಹೊತ್ತು ಹಿಡಿಯುತ್ತದೆ, ಕೊನೆಗೆ ಉದುರಿಸಿದರೆ ಹಲ್ಲಿಗೆ ಕಚ್ಚುತ್ತದೆ. ಅದಕ್ಕೆ ಮೊದಲೇ ನೆನೆಹಾಕಿ, ಸೊಪ್ಪು ಇನ್ನೂ ಕುದಿಯುತ್ತಿರುವಾಗಲೇ ಹಾಕಿಸಿದೆ. ಬೀಜಿ ಕಡಗೋಲು ತಿರುವಿ, ಒಂದು ಸೌಟು ಎತ್ತಿ ಬಿಟ್ಟು ನೋಡಿದರು. ಸಾಗ್ ಒಂದೇ ಮುದ್ದೆಯಾಗಿ ಜಾರಿತು, ಅಂಚಿಗೆ ನೀರು ಬಿಡಲಿಲ್ಲ.

ರೊಟ್ಟಿಗೆ ಬಣ್ಣದ ಚಿಂತೆ. ಲೋಹ್ರಿಯ ರೊಟ್ಟಿ ಹಳದಿ ಇರಬೇಕು ಎಂದು ಬೀಜಿಯ ಆಸೆ. ಸಜ್ಜಿಯದು ಬೂದಿ ಹಸಿರು. ಹುಳಿ ತಾಗಿದರೆ ಆ ಬೂದಿ ಬಣ್ಣ ತಿಳಿಯಾಗುತ್ತದೆ, ಎಸರಿನ ಜೊತೆ ಒಂದಿಷ್ಟು ಹುಳಿಮಜ್ಜಿಗೆ ಬೆರೆಸಿ ನೋಡಿ, ಹಿಟ್ಟು ಕೈಯಲ್ಲೇ ಕೆನೆಬಣ್ಣಕ್ಕೆ ತಿರುಗುತ್ತದೆ. ಹಳದಿಗೆ ನವಣೆ ಇದೆ. ಮೂರು ಪಾಲು ಸಜ್ಜಿಗೆ ಒಂದು ಪಾಲು ನವಣೆ ಹಿಟ್ಟು ಕೂಡಿಸಿದೆ, ಓಮು ಹಾಕಿದೆ, ಯಾಕೆಂದರೆ ಮಕ್ಕಿ ರೊಟ್ಟಿಗೆ ಅವರು ಅಜವಾನ ಹಾಕುತ್ತಾರೆ. ಬೀಜಿ ಅಂಗೈಗಳ ನಡುವೆ ತಟ್ಟಿ ದಪ್ಪಗೆ ಮಾಡಿದರು. ನಾನು ಪರಾತದ ಮೇಲೆ ಬಡಿದು ತೆಳ್ಳಗೆ, ಹೆಂಚಿಗೆ ಹಾಕುವ ಮುಂಚೆ ಕೈಗೆ ನೀರು ಹಚ್ಚಿಕೊಂಡು ಬಿಳಿ ಎಳ್ಳು ಒತ್ತಿ. ಹೆಂಚಿಗೆ ಬಿದ್ದ ರೊಟ್ಟಿಯ ಮೇಲೆ ಹಸಿ ಅರಿವೆ ಎಳೆದಾಗ ಬೀಜಿ ‘ಇದ್ಯಾಕೆ’ ಎಂದು ಕೇಳಿದರು. ಮೇಲಿನ ಒಣಹಿಟ್ಟು ಹೋಗಬೇಕು, ರೊಟ್ಟಿ ಉಬ್ಬಬೇಕು. ಅದು ಉಬ್ಬಿ ಪದರು ಬಿಟ್ಟದ್ದನ್ನು ಕಂಡು, ಮುಂದಿನ ರೊಟ್ಟಿಗೆ ಅರಿವೆ ಅವರ ಕೈಯಲ್ಲಿತ್ತು.

ಮಕ್ಕಿಯ ಸಿಹಿ ಸಜ್ಜಿಗಿಲ್ಲ, ಅದನ್ನು ಒಪ್ಪಲೇಬೇಕು. ಸಜ್ಜಿಯದು ಮಣ್ಣಿನ ವಾಸನೆಯ, ಸ್ವಲ್ಪ ಒಗರಿನ ರುಚಿ. ಬೆಣ್ಣೆ ಬೆಲ್ಲದ ಜೊತೆ ಅದು ಹೊಂದುತ್ತದೆ, ಅವರೂ ಮಕ್ಕಿಗೆ ಬೆಣ್ಣೆ ಬೆಲ್ಲವನ್ನೇ ಇಡುತ್ತಾರೆ. ಸಾಗ್‌ನ ಸಾಸಿವೆ ಖಾರಕ್ಕಂತೂ ಮಕ್ಕಿಗಿಂತ ಸಜ್ಜಿಯೇ ವಾಸಿ ಎಂದು ನನ್ನ ಅಭಿಪ್ರಾಯ.

ನನ್ನ ಮಗಳು ಬೇಕಿಂಗ್ ಕಲಿಯುತ್ತಿದ್ದಾಳೆ. ಕಾರ್ನ್ ಬ್ರೆಡ್ಡಿಗೆ ಮಕ್ಕಿ ಹಿಟ್ಟಿನ ಬದಲು ಅಷ್ಟೇ ಅಳತೆಯ ನವಣೆ ರವೆಯನ್ನು ಮಜ್ಜಿಗೆಯಲ್ಲಿ ನೆನೆಸಿ ಹಾಕುತ್ತಾಳೆ, ಚೆನ್ನಾಗಿ ಬರುತ್ತದೆ. ಅವಳಿಂದ ಇನ್ನೊಂದು ವಿಷಯವೂ ತಿಳಿಯಿತು. ಇಟಲಿಯ ಪೊಲೆಂಟಾ ಈಗ ಮೆಕ್ಕೆಜೋಳದ್ದೇ ಎಂದು ಹೆಸರಾದರೂ, ಅಮೆರಿಕದಿಂದ ಆ ಕಾಳು ಹೋಗುವ ಮೊದಲು ಅಲ್ಲಿ ಬರಗು, ಬಾರ್ಲಿಯಂಥ ಧಾನ್ಯಗಳ ಗಂಜಿಯನ್ನೇ ಕುದಿಸುತ್ತಿದ್ದರು. ಆಫ್ರಿಕದ ಉಗಾಲಿಯಂಥ ಮುದ್ದೆಗಳ ಕಥೆಯೂ ಬಹುತೇಕ ಇದೇ, ಜೋಳ, ಸಜ್ಜಿ, ರಾಗಿ ಇದ್ದ ಜಾಗಕ್ಕೆ ಮೆಕ್ಕೆಜೋಳ ಬಂದು ಕೂತಿತು. ಹಾಗಾಗಿ ಸಜ್ಜಿಯನ್ನು ‘ಮಕ್ಕಿಗೆ ಬದಲಿ’ ಅಂದರೆ ನನಗೆ ಸರಿಯೆನಿಸುವುದಿಲ್ಲ. ತನ್ನ ಹಳೆಯ ಜಾಗಕ್ಕೆ ತಾನು ವಾಪಸು ಬರುತ್ತಿದೆ, ಅಷ್ಟೇ.

ಸಜ್ಜಿಯೂ ಮೂಲದಲ್ಲಿ ನಮ್ಮದಲ್ಲ. ಸುಮಾರು 4500 ವರ್ಷಗಳ ಹಿಂದೆ ಆಫ್ರಿಕದ ಸಾಹೇಲ್ ಸೀಮೆಯಲ್ಲಿ ಬೆಳೆಯಾಗಿ ಪಳಗಿದ ಕಾಳು ಅದು. ಆದರೆ ಬಂದು ಬಹಳ ಕಾಲವಾಯಿತು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯ ಅಗೆತದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ಸಜ್ಜಿಕಾಳು ಸಿಕ್ಕಿವೆ. ಮೆಕ್ಕೆಜೋಳದ ತವರು ಮೆಕ್ಸಿಕೊ. ಸೋಮನಾಥಪುರದ 13ನೇ ಶತಮಾನದ ಗುಡಿಯ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆತೆನೆ ಎಂದು 1989ರಲ್ಲಿ ಕಾರ್ಲ್ ಜೊಹಾನೆಸ್ಸನ್ ಮತ್ತು ಆನ್ ಪಾರ್ಕರ್ ವಾದಿಸಿದರು. 1993ರಲ್ಲಿ ಭಾರತದ ಇಬ್ಬರು ವಿಜ್ಞಾನಿಗಳು ಅದನ್ನು ತಳ್ಳಿಹಾಕಿದರು. ಬಹಳಷ್ಟು ವಿದ್ವಾಂಸರು ಒಪ್ಪುವುದು ಮೆಕ್ಕೆಜೋಳ ನಮ್ಮಲ್ಲಿಗೆ ಕೊಲಂಬಸ್ ನಂತರವೇ ಬಂತು ಎಂಬುದನ್ನು. ಈಗ ಅದೇ ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳ, ನಮ್ಮ ಕಡೆಯ ಮಾತಿನಲ್ಲಿ ಗೋವಿನಜೋಳ, ಅದರಲ್ಲಿ ಹೆಚ್ಚಿನದು ಕೋಳಿ ಆಹಾರಕ್ಕೆ. ರೈತನಿಗೆ ರೊಕ್ಕ ಬೇಕು, ಅದನ್ನು ತಪ್ಪೆನ್ನಲಾರೆ. ಆದರೆ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದಾಗ ನಗರದ ಅಂಗಡಿಗಳಲ್ಲಿ ಚಂದದ ಪಾಕೀಟುಗಳು ಬಂದವೇ ಹೊರತು, ಹುನಗುಂದದ ಸಜ್ಜಿ ಹೊಲ ಹೆಚ್ಚಾದದ್ದನ್ನು ನಾನು ಕಾಣಲಿಲ್ಲ. ಅದು ಹೆಚ್ಚಬೇಕಾದರೆ ಸಜ್ಜಿ ನಮ್ಮ ಒಲೆಯ ಮೇಲೆ ಹಬ್ಬಕ್ಕೊಮ್ಮೆಯಲ್ಲ, ವಾರಕ್ಕೊಮ್ಮೆಯಾದರೂ ಬರಬೇಕು.

ಸಂಜೆ ಸೊಸೈಟಿಯ ಅಂಗಳದಲ್ಲಿ ಬೆಂಕಿ ಹಾಕಿದರು. ಲೋಹ್ರಿ ಬೆಂಕಿಗೆ ಎಳ್ಳು, ಬೆಲ್ಲ, ಶೇಂಗಾ, ಮಕ್ಕಿಯ ಅರಳು ಹಾಕಿ, ಉಳಿದದ್ದನ್ನು ಪ್ರಸಾದವೆಂದು ಹಂಚುತ್ತಾರೆ. ಸೊಸೆಗಾಗಿ ಅರಳೂ ಬದಲಾಗಬೇಕಿತ್ತು. ನಮ್ಮಲ್ಲಿ ನಾಗರ ಪಂಚಮಿಗೆ ಜೋಳದ ಅರಳು ಹುರಿಯುತ್ತೇವೆ, ಪುಣೆಯಲ್ಲೂ ಅದು ‘ಲಾಹ್ಯಾ’ ಎಂದು ಅಂಗಡಿಯಲ್ಲಿ ಸಿಗುತ್ತದೆ. ಮೇಲಿನ ಮನೆಯ ಕಾಕು ಒಂದು ಡಬ್ಬಿ ತುಂಬ ತಂದರು, ಜೊತೆಗೆ ತಮ್ಮ ಭೋಗಿ ಭಾಜಿಯನ್ನೂ. ಊಟಕ್ಕೆ ಕೂತಾಗ ಬೀಜಿ ಸೊಸೆಯ ತಾಟಿಗೆ ತಾವೇ ಬಡಿಸಿದರು, ರೊಟ್ಟಿ ಮುರಿದು ಬೆಣ್ಣೆ ಸವರಿ ಕೊಟ್ಟರು. ಆ ಹುಡುಗಿ ಇನ್ನೊಂದು ಕೇಳಿ ಹಾಕಿಸಿಕೊಂಡಳು. ಆಗ ಬೀಜಿ ಹೇಳಿದರು: ಕಾಲುವೆ ನೀರು ಬರುವ ಮೊದಲು ಬಠಿಂಡಾದ ಮರಳು ಹೊಲಗಳಲ್ಲಿ ಬಾಜ್ರಾವೇ ಬೆಳೆಯುತ್ತಿತ್ತು, ಅವರ ಅಜ್ಜಿ ಚಳಿಗಾಲವಿಡೀ ಅದನ್ನೇ ತಟ್ಟುತ್ತಿದ್ದರು. ಅದರ ರುಚಿ ಮರೆತೇಹೋಗಿತ್ತಂತೆ.

ರಾತ್ರಿ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ‘ಸೊಪ್ಪಿನ್ಯಾಗ ಸಜ್ಜಿ ನುಚ್ಚು ಹಾಕಿದ್ರೇನು? ಬೆಳ್ಳುಳ್ಳಿ ಒಗ್ಗರಣಿ ಕೊಟ್ರೋ ಇಲ್ಲೋ?’ ಎಂದು ಕೇಳಿದಳು. ತುಪ್ಪದಲ್ಲಿ ಕೊಟ್ಟಿದ್ದಾರೆ ಎಂದೆ. ‘ಹಂಗಾರ ಸರಿ ಐತಿ’ ಎಂದು, ಬೀಜಿಯ ಮನೆಗೂ ಸೇರಿಸಿ ಕಾಳು ಕಳಿಸುವಂತೆ ಅಣ್ಣನಿಗೆ ಅಲ್ಲಿಂದಲೇ ಕೂಗಿ ಹೇಳಿದಳು. ಕಾಳನ್ನೇ ಕಳಿಸು, ಹಿಟ್ಟು ಬೇಡ ಎಂದು ನಾನು ಎರಡೆರಡು ಸಲ ಹೇಳಿ ಫೋನು ಇಟ್ಟೆ.