ಗ್ಲೈಡರ್ ರೇಸ್: ನಾಲ್ಕು ವಾರ ಆಯ್ತು, ಜಗಳ ಮುಗಿದಿಲ್ಲ

ಶನಿವಾರ ರಾತ್ರಿ ಊಟ ಆದ ಮೇಲೆ ನಾವು ಆರು ಜನ ಕಾಂಡೋರ್ ಅನ್ನೋ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಸಿಮ್ಯುಲೇಟರ್ ಮುಂದೆ ಕೂರುತ್ತೇವೆ. ಹಾರೋದು ಸ್ಲೊವೇನಿಯಾದ ಲೆಸ್ತ್ಸೆ-ಬ್ಲೆಡ್‌ನಿಂದ, ಎಲ್ಲರಿಗೂ ಎಲ್‌ಎಸ್4. ಗ್ಲೈಡರ್ ಒಂದೇ ಆದರೆ ತಕರಾರು ಇರಲ್ಲ ಅಂದುಕೊಂಡಿದ್ದೆ. ತಕರಾರು ಸ್ಟಾರ್ಟ್ ಗೆರೆ ದಾಟುವ ಮೊದಲೇ ಶುರುವಾಯಿತು: ಯಾವ ನಿಯಮದಲ್ಲಿ ರೇಸ್ ಮಾಡೋದು?

ಮೊದಲ ವಾರ

ವಿಶ್ವ ಚಾಂಪಿಯನ್‌ಶಿಪ್ ಪದ್ಧತಿ. ಗೇಟ್ ತೆರೆದ ಮೇಲೆ ಯಾವಾಗ ಬೇಕಾದರೂ ಹೊರಡಬಹುದು, ಅವರವರ ಗಡಿಯಾರ ಅವರವರಿಗೆ. ಒಳ್ಳೆಯ ದಿನವಾದರೆ ಗೆದ್ದವನಿಗೆ 1000 ಅಂಕ, ಉಳಿದವರಿಗೆ ವೇಗ ನೋಡಿಕೊಂಡು. ಗೇಟ್ ತೆರೆಯಿತು, ಯಾರೂ ಹೊರಡಲಿಲ್ಲ! ಅರ್ಧ ಗಂಟೆ ಆರೂ ಜನ ಗೆರೆಯ ಹಿಂದೆ ಹದ್ದುಗಳ ಹಾಗೆ ಸುತ್ತುತ್ತಾ ಒಬ್ಬರನ್ನೊಬ್ಬರು ಕಾಯ್ದೆವು. ಗ್ಲೈಡರನ್ನು ಮೇಲಕ್ಕೆತ್ತುವ ಬಿಸಿಗಾಳಿಯ ಕಂಬ, ಅಂದರೆ ಥರ್ಮಲ್, ಕಣ್ಣಿಗೆ ಕಾಣುವುದಿಲ್ಲವಲ್ಲ. ಮುಂದೆ ಹೋದವನು ತಡಕಾಡಬೇಕು. ಹಿಂದಿನವನು ಅವನು ಸುತ್ತುತ್ತಿರುವ ಜಾಗಕ್ಕೆ ನೇರ ಬಂದು ಏರಿಬಿಡುತ್ತಾನೆ.

ತಾಳ್ಮೆಗೆಟ್ಟು ನಾನೇ ಮೊದಲು ಹೊರಟೆ, ವಾಪಸ್ ಬಂದದ್ದೂ ನಾನೇ ಮೊದಲು. ಫಲಿತಾಂಶದಲ್ಲಿ ಮೂರನೆಯವನು. ಹಿಂದೆ ನಿಂತು ನೋಡುತ್ತಿದ್ದ ಹೆಂಡತಿ ಕೇಳಿದಳು: "ನೀನೇ ಮೊದಲು ಬಂದೆಯಲ್ಲ, ಮೂರನೇ ಸ್ಥಾನ ಯಾಕೆ?" ಹತ್ತು ನಿಮಿಷ ವಿವರಿಸಿದೆ. ಅವಳು ಮಲಗೋಕೆ ಹೋದಳು.

ಎರಡನೇ ವಾರ

ಗ್ರ್ಯಾಂಡ್ ಪ್ರೀ ಪದ್ಧತಿ. 2005ರಲ್ಲಿ ಫ್ರಾನ್ಸ್‌ನ ಸೇಂಟ್-ಓಬಾನ್‌ನಲ್ಲಿ ಮೊದಲ ವಿಶ್ವ ಗ್ರ್ಯಾಂಡ್ ಪ್ರೀ ನಡೆದದ್ದು ಹೀಗೇ: ಎಲ್ಲರೂ ಒಟ್ಟಿಗೆ ಗೆರೆ ದಾಟಬೇಕು, ಮೊದಲು ಬಂದವನೇ ಗೆದ್ದವನು, ಅಂಕ ಸ್ಥಾನಕ್ಕೆ. ಅದನ್ನು ಗೆದ್ದವನು ಪೋಲೆಂಡಿನ ಸೆಬಾಸ್ಟಿಯನ್ ಕಾವಾ. ನಮ್ಮ ರೇಸ್ ಗೆದ್ದವನು ನನ್ನ ಬಾಲ ಹಿಡಿದವನು.

80 ಕಿಲೋಮೀಟರ್ ಉದ್ದಕ್ಕೂ ನನ್ನ ಹಿಂದೆಯೇ ಇದ್ದ. ತಲೆ ತಿರುಗಿಸಿದಾಗೆಲ್ಲ ಅದೇ ಬಿಳಿ ಚುಕ್ಕೆ. ಎಲ್‌ಎಸ್4 ಒಂದು ಕಿಲೋಮೀಟರ್ ಎತ್ತರದಿಂದ ನಿಶ್ಚಲ ಗಾಳಿಯಲ್ಲಿ ಸುಮಾರು 40 ಕಿಲೋಮೀಟರ್ ಜಾರುತ್ತದೆ. ನಾನು ಆ ಲೆಕ್ಕ ಹಾಕಿ ಕೊನೆಯ ಥರ್ಮಲ್‌ನಲ್ಲಿ ಎರಡು ಸುತ್ತು ಹೆಚ್ಚೇ ಸುತ್ತಿದೆ. ಅವನು ಸುತ್ತದೆ ಹಾಗೇ ಮೂಗು ತಗ್ಗಿಸಿ ಹೊರಟ. ರನ್‌ವೇ ಪಕ್ಕದ ಮರಗಳ ತುದಿ ಸವರಿಕೊಂಡು ಹನ್ನೊಂದು ಸೆಕೆಂಡ್ ಮೊದಲೇ ದಾಟಿದ. ಹೊಟ್ಟೆ ಉರಿಯಿತು, ಆದರೆ ಅಂಥ ಮಜಾ ಮೊದಲ ವಾರ ಸಿಕ್ಕಿರಲಿಲ್ಲ.

ನಮ್ಮಲ್ಲೊಬ್ಬ ಮೂಡುಬಿದಿರೆಯವನು. "ಕಂಬಳದಲ್ಲಿ ಎರಡು ಜೋಡಿ ಒಟ್ಟಿಗೆ ಬಿಡ್ತಾರೆ ಮಾರಾಯ, ಗೆದ್ದದ್ದು ಯಾರೂಂತ ಚಿಕ್ಕ ಮಕ್ಕಳಿಗೂ ಗೊತ್ತಾಗ್ತದೆ" ಅಂದ. ಸರಿಯೇ. ಆದರೆ ಕಂಬಳದಲ್ಲಿ ಪ್ರತಿ ಜೋಡಿಗೂ ಬೇರೆ ಕರೆ (ಕೋಣ ಓಡುವ ಕೆಸರಿನ ಹಾದಿ). ಆಕಾಶದಲ್ಲಿ ಯಾರ ಕರೆಗೆ ಯಾರು ಬೇಕಾದರೂ ಇಳಿಯಬಹುದು.

ಮೂರನೇ ವಾರ

ಹಾಗಾದರೆ ಮುಂದಿನವನು ಕಾಣದ ಹಾಗೆ ಮಾಡೋಣ ಅಂತ, ಗ್ಲೈಡರ್‌ಗಳ ಗುರುತು ಪರದೆಯ ಮೇಲೆ ಕಾಣುವ ದೂರವನ್ನು 2 ಕಿಲೋಮೀಟರ್‌ಗೆ ಇಳಿಸಿದೆವು. ನಿಜವಾದ ಸ್ಪರ್ಧೆಗಳಲ್ಲೂ ಇದೇ ರಗಳೆ. ಹತ್ತಿರದ ಗ್ಲೈಡರ್ ಎಲ್ಲಿದೆ ಅಂತ ತೋರಿಸುವ ಫ್ಲಾರ್ಮ್ ಉಪಕರಣ ಬಂದದ್ದು ಡಿಕ್ಕಿ ತಪ್ಪಿಸೋಕೆ. ಪೈಲಟ್‌ಗಳು ಅದರಲ್ಲಿ ಎದುರಾಳಿ ಎಷ್ಟು ವೇಗವಾಗಿ ಏರುತ್ತಿದ್ದಾನೆ ಅಂತ ಕದ್ದು ನೋಡತೊಡಗಿದರು. ಅದಕ್ಕೇ ಮಾಹಿತಿ ಮರೆಮಾಡುವ ಸ್ಟೆಲ್ತ್ ಮೋಡ್ ಬಂತು.

ನಮ್ಮಲ್ಲಿ ಬಾಲ ಹಿಡಿಯೋದು ಕಡಿಮೆಯಾಯಿತು. ಜೊತೆಗೆ ಇಬ್ಬರು ಕಾರವಾಂಕೆ ಬೆಟ್ಟಗಳಲ್ಲಿ ಒಂಟಿಯಾಗಿ ಸಿಕ್ಕಿಕೊಂಡು ಸಾವಾ ನದಿಯ ಬಯಲಿನಲ್ಲಿ ಇಳಿದರು. ಸ್ಥಾನದ ಅಂಕವಾದ್ದರಿಂದ ಅವರು ಕಳೆದುಕೊಂಡದ್ದು ಒಂದು ರಾತ್ರಿ ಅಷ್ಟೇ. 1000 ಅಂಕದ ಲೆಕ್ಕದಲ್ಲಿ ಹೊಲದಲ್ಲಿ ಒಮ್ಮೆ ಇಳಿದರೂ ಇಡೀ ಲೀಗ್ ಹೋದ ಹಾಗೆ, ಆ ಭಯಕ್ಕೇ ಎಲ್ಲರೂ ಗುಂಪು ಬಿಡುವುದಿಲ್ಲ. ಎರಡು ಸೆಕೆಂಡಿನ ಗೆಲುವಿಗೂ ಇಪ್ಪತ್ತು ನಿಮಿಷದ ಗೆಲುವಿಗೂ ಒಂದೇ ಬೆಲೆ ಅನ್ನೋದು ಅನ್ಯಾಯ ಅಂತ ಒಬ್ಬ ಇನ್ನೂ ಗೊಣಗುತ್ತಿದ್ದಾನೆ. ನಾನಂತೂ ಸ್ಥಾನದ ಅಂಕದ ಕಡೆ.

ನಾಲ್ಕನೇ ವಾರ

ಏರಿಯಾ ಟಾಸ್ಕ್ ಪ್ರಯತ್ನಿಸಿದೆವು: ದೊಡ್ಡ ವೃತ್ತದೊಳಗೆ ಎಲ್ಲಿ ಬೇಕಾದರೂ ತಿರುಗಿ, ನಿಗದಿತ ಸಮಯ ತುಂಬಿಸಿ ಬರಬೇಕು. ಹವೆ ಕೈಕೊಡುವ ದಿನಕ್ಕೆ ನ್ಯಾಯ. ನೋಡೋಕೆ ಮಾತ್ರ ಆದಾಯ ತೆರಿಗೆ ಲೆಕ್ಕದಷ್ಟು ಸ್ವಾರಸ್ಯ.

ಮುಂದಿನ ಶನಿವಾರ ಮತ್ತೆ ಒಟ್ಟಿಗೆ ಸ್ಟಾರ್ಟ್, ಸ್ಥಾನದ ಅಂಕ, ಗುರುತು 5 ಕಿಲೋಮೀಟರ್‌ಗೆ. ಬಾಲ ಹಿಡಿಯುವವನು 10 ಕೇಳಿದ್ದಾನೆ.