ಇಪ್ಪತ್ತೈದು ಮಾರು

18 ಜನವರಿ 2026, ಭಾನುವಾರ
ದಾವಣಗೆರೆ, ರಾತ್ರಿ 10.20

ಬಲಗೈ ಮಣಿಕಟ್ಟು ನೋಯುತ್ತಿದೆ. ಮೆಕ್ಕೆಜೋಳ ಕೊಯ್ದು ಎರಡು ತಿಂಗಳಾದ ಹೊಲ. ಮಳೆ ಕಂಡಿಲ್ಲ. ನೆಲ ಗಾರೆ ಹಾಕಿದ ಹಾಗಾಗಿದೆ. ಅದಕ್ಕೆ ಕಬ್ಬಿಣ ಬಡಿದರೆ ಇನ್ನೇನಾಗುತ್ತೆ.

ಅಪ್ಪಾಜಿಗೆ ಮೂರು ಗಂಟೆಯ ಕಣ್ಣಿನ ಡ್ರಾಪ್ಸ್ ಹಾಕಿ, ಹೊಲದ ಕಡೆ ಹೋಗಿ ಬರ್ತೀನಿ ಅಂತ ಹೇಳಿ ಆನಗೋಡಿಗೆ ಹೊರಟೆ. ಗಾಲ್ಫ್ ಬ್ಯಾಗ್ ಒಯ್ಯಲಿಲ್ಲ. ಹತ್ತಿರದ ಹೊಡೆತಕ್ಕೆ ಬಳಸುವ ಕೋಲು, ವೆಡ್ಜ್, ನಾಲ್ಕು, ಗೊಬ್ಬರದ ಚೀಲದಲ್ಲಿ ಮೂವತ್ತು ಹಳೇ ಚೆಂಡು, ಅಷ್ಟೇ. ಅವ್ವ ಚೀಲ ನೋಡಿ "ಈಗ್ಯಾಕೋ ಯೂರಿಯಾ?" ಅಂದಳು.

ಬರುವ ಭಾನುವಾರ ಬೆಂಗಳೂರಲ್ಲಿ ಆಡಬೇಕು. ಆಫೀಸಿನವರು, ಕ್ಲೈಂಟ್, ಎಲ್ಲ ಇರ್ತಾರೆ. ಹೋದ ತಿಂಗಳು ಅಲ್ಲಿ ಆಗಿದ್ದನ್ನು ಇಲ್ಲಿ ಬರೆದಿರಲಿಲ್ಲ. ನಾಚಿಕೆ. ಎರಡು ದೊಡ್ಡ ಹೊಡೆತ ಚೆನ್ನಾಗಿ ಬಿದ್ದು, ಗ್ರೀನಿಗೆ, ಅಂದರೆ ಕುಳಿ ಇರುವ ನುಣ್ಣನೆ ಹುಲ್ಲಿನ ಜಾಗಕ್ಕೆ, ಬರೀ 50 ಗಜ ಉಳಿದಿತ್ತು. 56 ಡಿಗ್ರಿ ವೆಡ್ಜ್ ತಗೊಂಡೆ. ಹೆಗಲ ಮೇಲಿನವರೆಗೂ ಎತ್ತಿದೆ. ಇಳಿಸುವಾಗ ಜಾಸ್ತಿ ಆಯ್ತೇನೋ ಅನ್ನಿಸಿ ಕೈ ತಡೆದೆ. ಚೆಂಡಿನ ಹಿಂದಿನಿಂದ ಒಂದು ಗೇಣು ಹುಲ್ಲು ಎದ್ದು ಬಂತು, ಚೆಂಡು ಆರು ಹೆಜ್ಜೆ ಹೋಯಿತು. ಮತ್ತೆ ಹೊಡೆದೆ. ಈ ಸಲ ಚೆಂಡಿನ ನೆತ್ತಿಗೆ ಬಿತ್ತು, ಗ್ರೀನ್ ದಾಟಿ ಸೀದಾ ಹಿಂದಿನ ಕೊಳಕ್ಕೆ. ಕ್ಲೈಂಟ್ ಸುಮ್ನೆ ಆಕಾಶ ನೋಡುತ್ತಾ ನಿಂತಿದ್ದರು. ನಕ್ಕಿದ್ದರೆ ಪರವಾಗಿರಲಿಲ್ಲ.

200 ಗಜ ಹೊಡೆಯೋದು ಕಷ್ಟ ಅಂತ ಆಡದವರು ಅಂದುಕೊಳ್ಳುತ್ತಾರೆ. ಅಲ್ಲಿ ಯೋಚನೆಯೇ ಬೇಡ, ಪೂರ್ತಿ ಬೀಸಿದರಾಯ್ತು. ಪೂರ್ತಿ ಬೀಸುವ ಹಾಗಿಲ್ಲ, ಸುಮ್ನೆ ತಟ್ಟಿದರೂ ಸಾಲದು ಅನ್ನುವ 30ರಿಂದ 80 ಗಜದ ಜಾಗ ಇದೆಯಲ್ಲ, ನನ್ನ ಮಾನ ಹೋಗೋದು ಅಲ್ಲೇ.

ಬೇವಿನ ಮರದಿಂದ ಹೆಜ್ಜೆ ಅಳೆದು, ಹತ್ತು ಹತ್ತು ಗಜಕ್ಕೆ ಒಂದೊಂದು ಮೆಕ್ಕೆಜೋಳದ ದಂಟು ನೆಟ್ಟೆ. ಎಂಟು ದಂಟು. ಏಳನೇ ಚೆಂಡು ಹೊಡೆಯುವಾಗ ದೊಡ್ಡಪ್ಪ ಬಂದರು. ಕೈಲಿ ಕುಡುಗೋಲು, ಹೆಗಲ ಮೇಲೆ ಅದೇ ಕೆಂಪು ಟವೆಲ್.

"ಏನ್ಲೇ ತಮ್ಮಾ, ಕೋಲಿನ ತುದಿಗೆ ಸೌಟು ಕಟ್ಕೊಂಡು ಏನ್ ಮಾಡಾಕತ್ತಿ?"

ಗಾಲ್ಫ್ ಅಂದೆ. ಟಿವೀಲಿ ನೋಡೀನಿ ಅಂದರು. ನಾಲ್ಕೂ ಒಂದೇ ಥರ ಕಾಣ್ತಾವಲ್ಲ, ಒಂದು ಸಾಲದಾ ಅಂದರು. ಮುಖ ಹಿಂದಕ್ಕೆ ವಾಲಿರೋದು ನೋಡ್ರಿ ದೊಡ್ಡಪ್ಪ, ಇದು 46 ಡಿಗ್ರಿ, ಇದು 52, 56, ಇದು 60, ವಾಲಿದಷ್ಟೂ ಚೆಂಡು ಮೇಲಕ್ಕೆ ಹೋಗುತ್ತೆ, ಮುಂದಕ್ಕೆ ಕಡಿಮೆ ಅಂತ ತೋರಿಸಿದೆ. ಬ್ಯಾಗಿನಲ್ಲಿ 14 ಕೋಲಿಗಿಂತ ಜಾಸ್ತಿ ಇಡುವ ಹಾಗಿಲ್ಲ, ಈ ನಾಲ್ಕಕ್ಕೋಸ್ಕರ ಉದ್ದದ್ದೊಂದನ್ನು ಮನೆಯಲ್ಲಿ ಬಿಟ್ಟಿದ್ದೀನಿ ಅಂತಲೂ ಹೇಳಿದೆ. ಅವರಿಗೆ ಬೇಕಿದ್ದದ್ದು ಅದಲ್ಲ. ಒಂದಕ್ಕೆ ಎಷ್ಟು ಬಿತ್ತು? 1,200 ಅಂದೆ. ಒಂದು ಸೊನ್ನೆ ನುಂಗಿಬಿಟ್ಟೆ.

"ಇದಕ್ಕಾ? ನಮ್ಮ ಕಮ್ಮಾರ ಇನ್ನೂರಕ್ಕೆ ಮಾಡಿಕೊಡ್ತಿದ್ದ."

ಆ ಮಾತು ತೀರಾ ಸುಳ್ಳೂ ಅಲ್ಲ. ಮರಳಿನಿಂದ ಚೆಂಡು ಎತ್ತುವ ಸ್ಯಾಂಡ್ ವೆಡ್ಜನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಜೀನ್ ಸರಾಜೆನ್. ಕೋಲಿನ ಅಡಿಗೆ ತಾವೇ ಬೆಸುಗೆ ಹಾಕಿ ಲೋಹ ಕೂರಿಸಿ ನೋಡಿದವರು. ಅದನ್ನು ಹಿಡಿದೇ 1932ರ ಬ್ರಿಟಿಷ್ ಓಪನ್ ಗೆದ್ದರು. ದೊಡ್ಡಪ್ಪನಿಗೆ ಹೇಳಿದೆ. "ನೋಡು ಮತ್ತೆ" ಅಂದರು, ಗೆದ್ದಿದ್ದು ತಾವೇ ಅನ್ನೋ ಹಾಗೆ.

ಅಡಿಯ ಆ ಉಬ್ಬಿಗೆ ಬೌನ್ಸ್ ಅಂತಾರೆ. ಮರಳಲ್ಲಿ, ಮೆತ್ತನೆ ಹುಲ್ಲಲ್ಲಿ ಕೋಲು ಹುಗಿಯದಂತೆ ಅದು ಕಾಯುತ್ತೆ. ಗಟ್ಟಿ ನೆಲದಲ್ಲಿ ಅದೇ ಶತ್ರು. ಕೋಲು ನೆಲಕ್ಕೆ ಬಡಿದು ಪುಟಿದು, ಅಂಚು ಹೋಗಿ ಚೆಂಡಿನ ಹೊಟ್ಟೆಗೆ ತಾಗುತ್ತೆ. ನನ್ನ 56ರ ಬೌನ್ಸ್ 14 ಡಿಗ್ರಿ, 52ರದ್ದು 8. ಹೊಲದಲ್ಲಿ 56 ಹಿಡಿದರೆ ಚೆಂಡು ಬದು ದಾಟಿ ಪಕ್ಕದವರ ಅಡಿಕೆ ತೋಟಕ್ಕೆ. ಮೂರು ಚೆಂಡು ಅಲ್ಲೇ ಉಳಿದವು. ಅವರ ನಾಯಿ ಒಳ್ಳೇದಲ್ಲ.

"ಎಷ್ಟು ದೂರ ಹೋಗ್ಬೇಕು ಅದು?"

"50 ಗಜ."

"ಅಂದ್ರೆ ಇಪ್ಪತ್ತೈದು ಮಾರು." ಐದನೇ ದಂಟಿನ ಕಡೆ ಕಣ್ಣು ಸಣ್ಣದು ಮಾಡಿ ನೋಡಿದರು. "ಇಪ್ಪತ್ತೈದು ಮಾರಿಗೆ ಇಷ್ಟು ಒದ್ದಾಟಾನಾ?"

ಬದುವಿನ ಮೇಲೆ ಕೂತರು. ಈ ಹೊಲದಲ್ಲಿ ಮೊದಲು ಬಿಳಿಜೋಳ ಇತ್ತಂತೆ. ತೆನೆ ಕಟ್ಟಿದ ಮೇಲೆ ಗಿಳಿ, ಗುಬ್ಬಿ ಕಾಯೋಕೆ ಇವರನ್ನು ಅಟ್ಟಣೆ ಮೇಲೆ ಕೂರಿಸುತ್ತಿದ್ದರು. ಕೈಲಿ ಪುಂಡಿ ನಾರಿನ ಕವಣೆ. "ಹತ್ರ ಕೂತ್ರೆ ದಪ್ಪ ಕಲ್ಲು. ದೂರ ಕೂತ್ರೆ ಸಣ್ಣದು. ತಿರುವೋದು ಮಾತ್ರ ಅಷ್ಟೇ, ಎರಡು ಸುತ್ತು, ಬಿಡೋದು. ಹತ್ರ ಐತಿ ಅಂತ ಮೆತ್ತಗೆ ತಿರುವಿದ್ಯೋ, ಕಲ್ಲು ನಿನ್ನ ಮುಂದೇ ಬೀಳ್ತಿತ್ತು. ಕಲ್ಲು ಬದಲಿಸ್ತಿದ್ವಿ, ಕೈ ಬದಲಿಸ್ತಿರಲಿಲ್ಲ."

ಸ್ವಲ್ಪ ಹೊತ್ತು ನಾನು ಹೊಡೆಯೋದನ್ನು ನೋಡಿದರು. ಆಮೇಲೆ ಅಂದಿದ್ದು:

"ಎತ್ತೋದು ಗೌಡನ ಹಂಗೆ ಎತ್ತೀ. ಇಳಿಸೋದು ಸಾಲಗಾರನ ಹಂಗೆ ಇಳಿಸ್ತೀ."

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಗಂಟೆಗಿಷ್ಟು ಅಂತ ದುಡ್ಡು ತಗೊಂಡು ಬೆಂಗಳೂರಿನ ಕೋಚ್ ಮೂರು ಕ್ಲಾಸಲ್ಲಿ ಇದನ್ನೇ ಹೇಳಿದ್ದರು. ಇಂಗ್ಲಿಷಲ್ಲಿ. ಕಿವಿಗೆ ಹೋಗಿತ್ತು, ಕೈಗೆ ಇಳಿದಿರಲಿಲ್ಲ.

ಡೇವ್ ಪೆಲ್ಜ್ ಅಂತ ಒಬ್ಬರಿದ್ದರು. ನಾಸಾದಲ್ಲಿ ವಿಜ್ಞಾನಿ ಆಗಿದ್ದವರು, ಅದನ್ನು ಬಿಟ್ಟು ಈ ಸಣ್ಣ ಹೊಡೆತಗಳ ಹಿಂದೆ ಬಿದ್ದರು. ಅವರ ಲೆಕ್ಕ ಸುಲಭ. ಎದುರಿಗೆ ನಿಂತು ನೋಡುವವನಿಗೆ ನಿನ್ನ ಎಡಗೈ ಗಡಿಯಾರದ ಮುಳ್ಳು. ಏಳೂವರೆಗೆ ಎತ್ತು, ಇಲ್ಲಾ ಒಂಬತ್ತಕ್ಕೆ, ಇಲ್ಲಾ ಹತ್ತೂವರೆಗೆ. ಇಳಿಸುವ ಲಯ ಮೂರಕ್ಕೂ ಒಂದೇ. ಚೆಂಡು ತಾಗಿದ ಮೇಲೂ ಕೈ ಮುಂದಕ್ಕೆ ಪೂರ್ತಿ ಹೋಗಬೇಕು. ದೂರ ಹೆಚ್ಚು ಕಡಿಮೆ ಮಾಡೋಕೆ ಕೋಲು ಬದಲಿಸು. ನಾಲ್ಕು ಕೋಲು, ಮೂರು ಎತ್ತುವಿಕೆ, ಹನ್ನೆರಡು ದೂರ. ಎರಡು ವರ್ಷದಿಂದ ನನಗೆ ಇದು ಬಾಯಿಪಾಠ.

ದೊಡ್ಡಪ್ಪನನ್ನೇ ಎದುರಿಗೆ ನಿಲ್ಲಿಸಿದೆ, ಹತ್ತು ಮಾರು ಆಚೆ. ಗಡಿಯಾರದ ವಿಷಯ ಹೇಳಿದೆ. ಅಲ್ಲಿಂದ ಶುರುವಾಯ್ತು ಅವರ ಕೂಗು. "ಒಂಬತ್ತು ದಾಟ್ತು!" "ಎಂಟೂಕಾಲಿಗೇ ನಿಂತ್ಕಂಡ್ಯಲ್ಲೋ!" ಹೈವೇ ಕಡೆಯ ದಾರೀಲಿ ಬೈಕ್ ನಿಲ್ಲಿಸಿ ಇಬ್ಬರು ನೋಡುತ್ತಿದ್ದರು. ಒಬ್ಬ ವಯಸ್ಸಾದವರು ಕುಡುಗೋಲು ಹಿಡಿದು ಟೈಮ್ ಕೂಗುತ್ತಿದ್ದಾರೆ, ಒಬ್ಬ ಕೋಲು ಬೀಸುತ್ತಿದ್ದಾನೆ. ಏನಂದುಕೊಂಡರೋ.

ಬಂದ ಲೆಕ್ಕ ಬರೆದಿಟ್ಟುಕೊಳ್ಳುತ್ತೇನೆ, ನಾಳೆ ಮರೆತುಹೋಗುತ್ತೆ. ಏಳೂವರೆಗೆ 60 ಡಿಗ್ರಿ 30 ಗಜ, 52 ಡಿಗ್ರಿ 45, 46 ಡಿಗ್ರಿ 55. ಒಂಬತ್ತಕ್ಕೆ 60 ಡಿಗ್ರಿ 45, 52 ಡಿಗ್ರಿ 70. 56 ಈ ನೆಲದಲ್ಲಿ ಲೆಕ್ಕಕ್ಕಿಲ್ಲ. ಅದನ್ನು ಹುಲ್ಲಿನ ಮೇಲೇ ನೋಡಬೇಕು.

45 ಗಜ ಎರಡು ಥರ ಬಂತು ನೋಡಿ. 60 ಹಿಡಿದು ಒಂಬತ್ತಕ್ಕೆ ಎತ್ತಿದರೆ ಚೆಂಡು ಬೇವಿನ ಮರದ ಎತ್ತರ ಹೋಗಿ ಧೊಪ್ ಅಂತ ಬಿದ್ದು ನಿಲ್ಲುತ್ತೆ. 52 ಹಿಡಿದು ಏಳೂವರೆಗೆ ಎತ್ತಿದರೆ ತಗ್ಗಾಗಿ ಹೋಗಿ, ಮೊದಲೇ ನೆಲ ಹಿಡಿದು ಉರುಳುತ್ತೆ. ನಾಲ್ಕೂವರೆ ಹೊತ್ತಿಗೆ ಎದುರು ಗಾಳಿ ಎದ್ದಾಗ 60ರ ಚೆಂಡುಗಳು ಮೂವತ್ತೈದಕ್ಕೇ ಸುಸ್ತಾದವು. 52 ಗಾಳಿಗೆ ಕ್ಯಾರೇ ಅನ್ನಲಿಲ್ಲ. ದೊಡ್ಡಪ್ಪನ ಓಟು ಎರಡನೆಯದಕ್ಕೆ. ನನ್ನದೂ. 60 ಡಿಗ್ರಿ ತೋರಿಕೆಯ ಕೋಲು, ಅದನ್ನು ಕೊಂಡ ದಿನ ನಾನು ಸ್ವಲ್ಪ ಹೆಚ್ಚೇ ಖುಷಿಯಲ್ಲಿದ್ದೆ.

50ಕ್ಕೆ ಏನು ಮಾಡೋದು? 46ನ್ನು ಏಳೂವರೆಗೆ, ಆದರೆ ಹಿಡಿಯಲ್ಲಿ ಕೈ ಒಂದು ಅಂಗುಲ ಕೆಳಗೆ. ಹತ್ತರಲ್ಲಿ ಏಳು ಐದನೇ ದಂಟಿನ ಸುತ್ತ ಬಿದ್ದವು. ಒಂದು ದಂಟಿಗೇ ಹೊಡೆಯಿತು. ದೊಡ್ಡಪ್ಪ ಟವೆಲ್ ಬೀಸಿದರು.

ಮನೆಗೆ ಬಂದಾಗ ಕರೆಂಟ್ ಇರಲಿಲ್ಲ. ಅವ್ವ ಮಂಡಕ್ಕಿ ಕಲಸಿದ್ದಳು, ಮೆಣಸಿನಕಾಯಿ ಮಾತ್ರ ಅಂಗಡಿಯದ್ದು. ಅಪ್ಪಾಜಿ ಕಪ್ಪು ಕನ್ನಡಕ ಹಾಕಿಕೊಂಡು ಕತ್ತಲಲ್ಲೇ ಕೂತಿದ್ದರು.

"ಎಷ್ಟು ಚೆಂಡು ಕಳ್ದೆ?"

ನಾನು ಗಾಲ್ಫ್ ಆಡೋದರ ಬಗ್ಗೆ ಅವರು ಮಾತೇ ಆಡಿರಲಿಲ್ಲ. ಒಂದೇ ಒಂದು ಸಲ, 2021ರ ಆಗಸ್ಟ್ 7ರಂದು, ನಸುಕಿಗೇ ಎದ್ದು ಟಿವಿ ಮುಂದೆ ಕೂತಿದ್ದರು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದು ಹೊಡೆತಕ್ಕೆ ಪದಕ ತಪ್ಪಿಸಿಕೊಂಡು ನಾಲ್ಕನೆಯವಳಾದ ದಿನ. ಫೋನ್ ಮಾಡಿ "ಆ ಹುಡುಗಿ ಎಲ್ಲರಷ್ಟು ದೂರ ಹೊಡಿಯಲ್ಲ, ಆದ್ರೂ ನೋಡು" ಅಂದಿದ್ದರು. ಆಟದ ನಿಯಮ ಒಂದೂ ಗೊತ್ತಿರಲಿಲ್ಲ ಅವರಿಗೆ. ಇವತ್ತು ಚೆಂಡಿನ ಲೆಕ್ಕ ಕೇಳುತ್ತಿದ್ದಾರೆ.

ಮೂರು ಅಂದೆ.

ಕರೆಂಟ್ ಬಂತು. ಅವ್ವ ಚಹಾ ತಂದಿಟ್ಟಳು. ಅಪ್ಪಾಜಿ ಲೋಟಕ್ಕೆ ಕೈ ಚಾಚಿದರು. ಕೈ ಅರ್ಧ ದೂರ ಸರಿಯಾಗಿಯೇ ಹೋಯಿತು, ಆಮೇಲೆ ನಿಧಾನವಾಯಿತು, ಲೋಟಕ್ಕೆ ನಾಲ್ಕು ಬೆರಳು ಇರುವಾಗಲೇ ನಿಂತುಬಿಟ್ಟಿತು. ಆಪರೇಷನ್ ಆದ ಒಂದು ಕಣ್ಣು ಹೊಸದು, ಇನ್ನೊಂದು ಹಳೇದು. ಎರಡೂ ಹೊಂದಲ್ಲ, ದೂರ ಸಿಗಲ್ಲ ಅಂತಾರೆ. ನಾನು ಲೋಟ ಮುಂದಕ್ಕೆ ತಳ್ಳಲಾ ಬೇಡವಾ ಅಂತ ನೋಡುತ್ತಿದ್ದೆ. ತಳ್ಳಲಿಲ್ಲ. ಎರಡನೇ ಸಲ ಸಿಕ್ಕಿತು. ಇನ್ನೊಂದು ಕಣ್ಣಿಗೆ ಫೆಬ್ರವರಿ ಅಂದಿದ್ದಾರೆ.

ಭಾನುವಾರ ಹೋಗೋದು ಅಂದರೆ ಶನಿವಾರ ರಾತ್ರಿಯ ಡ್ರಾಪ್ಸ್ ಅವ್ವ ಹಾಕಬೇಕು. ಅವಳ ಕೈ ನಡುಗುತ್ತೆ. ಪಕ್ಕದ ಮನೆ ನರ್ಸ್ ಹುಡುಗಿಯನ್ನು ಕೇಳಬೇಕು.

ಇನ್ನೊಂದು ಈಗ ಹೊಳೀತು. ಆ ಗ್ರೀನಿನ ಹಿಂದೆ ಕೊಳ. 46 ಡಿಗ್ರಿಯ ಚೆಂಡು ತಗ್ಗಾಗಿ ಹೋಗಿ ಉರುಳುತ್ತೆ. ಹೊಲದಲ್ಲಿ ಜೋಳದ ಕೂಳೆ ತಡೀತು, ಅಲ್ಲಿ ಕತ್ತರಿಸಿದ ಹುಲ್ಲು. ಕುಳಿಯ ಬಾವುಟ ಗ್ರೀನಿನ ಮುಂಭಾಗದಲ್ಲಿದ್ದರೆ ಸರಿ, ಹಿಂದಿದ್ದರೆ ಮತ್ತೆ ಆ 56ನ್ನೇ, ಒಂಬತ್ತಕ್ಕೆ, ಕೈ ಕೆಳಗೆ ಹಿಡಿದು...

ದೊಡ್ಡಪ್ಪ ಕವಣೆ ಹೊಸೆದು ಕೊಡ್ತೀನಿ ಅಂದಿದ್ದಾರೆ. ಪುಂಡಿ ನಾರು ಈಗ ಎಲ್ಲಿ ಸಿಗುತ್ತೋ ಏನೋ