ಮೈಲುತುತ್ತಿನ ಮನೆಯಲ್ಲಿ ಹವಳದ ಟ್ಯಾಂಕ್

ಟ್ಯಾಂಕಿನಲ್ಲಿ ತುಕ್ಕು ಕಂಡರೆ ಎಲ್ಲರಿಗೂ ಗಾಬರಿ. ನಾನು ತುಕ್ಕಿಗೆ ಅಷ್ಟು ಹೆದರುವವನಲ್ಲ. ಒಂದಿಷ್ಟು ಕಬ್ಬಿಣ ಕರಗಿದರೆ ಪಾಚಿ ಜಾಸ್ತಿಯಾದೀತು, ಗಾಜು ಉಜ್ಜುವ ಕೆಲಸ ಹೆಚ್ಚೀತು, ಅಷ್ಟೆ. ಹೆದರಬೇಕಾದ್ದು ಕಣ್ಣಿಗೆ ಕಾಣದ ಹಾಗೆ ಕರಗುವ ತಾಮ್ರಕ್ಕೆ. ಅದರಲ್ಲೂ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟರೆ!

ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡದೆ ನಮಗೆ ಗತಿಯಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಕಾಲುಭಾಗ ತಾಮ್ರ. ಅಂದರೆ ಒಂದೇ ಒಂದು ಗ್ರಾಂ ಹರಳು ನನ್ನ 250 ಲೀಟರಿನ ಟ್ಯಾಂಕಿಗೆ ಬಿದ್ದು ಕರಗಿದರೆ ಲೀಟರಿಗೆ 1 ಮಿಲಿಗ್ರಾಂ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಮದ್ದಾಗಿ ಬೇರೆ ತೊಟ್ಟಿಯಲ್ಲಿ ಕೊಡುವ ತಾಮ್ರವೇ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು. ಮೀನು ತಡೆದುಕೊಳ್ಳುವ ಆ ಪ್ರಮಾಣವನ್ನೂ ಸಿಗಡಿ, ಬಸವನಹುಳು, ಹವಳ ತಡೆಯಲಾರವು. ಸಿಗಡಿಯ ರಕ್ತದಲ್ಲಿ ಉಸಿರು ಹೊರುವುದೇ ತಾಮ್ರ, ಆದರೂ ನೀರಿನಲ್ಲಿ ಚೂರು ಹೆಚ್ಚಾದರೆ ಅದೇ ವಿಷ.

ಹಾಗಾಗಿ ಟ್ಯಾಂಕಿನ ಬಕೆಟ್, ಮಗ್ಗು, ಪೈಪು ಎಲ್ಲ ಬೇರೆ. ತೋಟದ ಕೊಟ್ಟಿಗೆಗೆ ಅವಕ್ಕೆ ಪ್ರವೇಶವಿಲ್ಲ. ಮದ್ದು ಬಿಡುವ ದಿನ ಕಿಟಕಿ ಮುಚ್ಚಿ, ಏರ್‌ಪಂಪನ್ನು ಒಳಕೋಣೆಗೆ ಸಾಗಿಸುತ್ತೇನೆ. ಆ ಪಂಪು ಹೊರಗಿನ ಗಾಳಿಯನ್ನೇ ಎಳೆದು ನೀರಿಗೆ ಊದುವುದಲ್ಲವೇ? ಮುರಕಲ್ಲಿನ ಬಾವಿಯ ನೀರು ಆಮ್ಲೀಯ, ಫುಟ್‌ವಾಲ್ವು ನಲ್ಲಿಗಳೆಲ್ಲ ಹಿತ್ತಾಳೆ; ಅದರೊಳಗಿನ ತಾಮ್ರವೂ ನೀರಿಗೆ ಕರಗೀತು. ಆರ್‌ಓ (ಪೊರೆಯ ಸೋಸುಕ), ಡಿಐ (ಕರಗಿದ ಲವಣ ಹಿಡಿಯುವ ರೆಸಿನ್) ಎರಡೂ ದಾಟದ ನೀರಿಗೆ ನಾನು ಉಪ್ಪು ಬೆರೆಸುವುದಿಲ್ಲ.

ಕಳೆದ ವರ್ಷ ಕುಂಬಳೆಯ ಅತ್ತೆ ಹಿತ್ತಾಳೆಯ ಆಮೆಯೊಂದನ್ನು ತಂದರು.

"ನೀರಲ್ಲೇ ಇಡ್ಬೇಕಂತೆ ಮಾರಾಯ, ಮನೆಗೆ ಒಳ್ಳೇದು."

"ಮನೆಗೆ ಒಳ್ಳೇದಿರಬಹುದು ಅತ್ತೆ, ಸಿಗಡಿಗಲ್ಲ" ಎಂದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಉಪ್ಪುನೀರಿನಲ್ಲಿ ಎರಡೂ ಕರಗುತ್ತವೆ. ಆಮೆ ಈಗ ದೇವರಕೋಣೆಯ ತಟ್ಟೆಯಲ್ಲಿ ಬಾವಿನೀರಲ್ಲಿ ಕೂತಿದೆ. ಅತ್ತೆಗೂ ಸಮಾಧಾನ.

ಸ್ಟೀಲಿಗೆ ತುಕ್ಕು ಹಿಡಿಯದು ಎಂಬ ಮಾತನ್ನು ಅಡುಗೆಮನೆಯಲ್ಲೇ ಬಿಡಬೇಕು. ಪಾತ್ರೆಯ 304 ದರ್ಜೆಯ ಸ್ಟೀಲನ್ನು ಉಪ್ಪುನೀರು ಚುಕ್ಕೆಚುಕ್ಕೆಯಾಗಿ ತಿನ್ನುತ್ತದೆ, 316 ಇನ್ನಷ್ಟು ದಿನ ತಡೆದೀತು. ಹೀಟರಿಗೆ ಟೈಟಾನಿಯಂ ಇಲ್ಲವೇ ಗಾಜು ವಾಸಿ. ಪಾಚಿ ಉಜ್ಜುವ ಅಯಸ್ಕಾಂತದ ಮೇಲೆ ನನಗೆ ಸದಾ ಗುಮಾನಿ. ಅದರ ಪ್ಲಾಸ್ಟಿಕ್ ಕವಚ ಕೂದಲೆಳೆಯಷ್ಟು ಬಿರಿದರೂ ಸಾಕು, ಅಂಚಿನಲ್ಲಿ ಕಂದು ಗೆರೆ ಮೂಡಿ ಒಳಗಿನ ಲೋಹ ಉಬ್ಬುತ್ತದೆ. ಆಗ ಅಂಟು ಹಚ್ಚುತ್ತ ಕೂರಬೇಡಿ, ಬಿಸಾಡಿ.

ನನ್ನಲ್ಲಿರುವುದು ಮೆತ್ತನೆಯ ಹವಳ ಮಾತ್ರ. ಕಲ್ಲುಹವಳ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಅದರ ತಂಟೆ ಬೇಡ.

ಅರಳಿದ್ದ ಹವಳ ಮುದುಡಿ, ಬಸವನಹುಳು ಗಾಜಿನಿಂದ ಕಳಚಿ ಬಿದ್ದರೆ ಮೊದಲು ತಾಮ್ರದ ಟೆಸ್ಟ್ ಕಿಟ್ ತೆಗೆಯಿರಿ. ನೀರು ಬದಲಿಸಿ, ತಾಮ್ರ ಹೀರುವ ರೆಸಿನ್ ಹಾಕಿ. ಮೀನಿಗೆ ಮದ್ದು ಕೊಟ್ಟ ತೊಟ್ಟಿಯಲ್ಲಿದ್ದ ಕಲ್ಲು, ಮರಳನ್ನಂತೂ ಎಷ್ಟು ತೊಳೆದರೂ ಹವಳದ ಟ್ಯಾಂಕಿಗೆ ಹಾಕಬೇಡಿ. ಹೀರಿಕೊಂಡ ತಾಮ್ರವನ್ನು ಅವು ಆಮೇಲೆ ನಿಧಾನಕ್ಕೆ ಬಿಡುತ್ತಲೇ ಇರುತ್ತವೆ.